ಅಳೆಯುವವನೇ ಎಡವಿದಾಗ

ಕಳೆದ ವರ್ಷ ದಸರಾ ರಜೆಗೆ ಮುಂಚೆ ನಮ್ಮ ಕನ್ನಡ ಮೇಷ್ಟ್ರು ನನಗೊಂದು ಕೆಲಸ ಒಪ್ಪಿಸಿದರು. ಹಳಗನ್ನಡದ ಕೆಲವು ಕಾವ್ಯಗಳನ್ನು ಅವರು ಬಹುಕಾಲದಿಂದ ಬೆರಳಚ್ಚು ಮಾಡಿಸಿ ಇಟ್ಟಿದ್ದರು. ಅವುಗಳಲ್ಲಿ ಯಾವ ಪದ ಎಲ್ಲೆಲ್ಲಿ, ಎಷ್ಟೆಷ್ಟು ಸಲ ಬಂದಿದೆ ಎಂಬ ಪಟ್ಟಿ, ಎಂದರೆ ಒಂದು ಪದಪ್ರಯೋಗಕೋಶ, ಅವರಿಗೆ ಬೇಕಾಗಿತ್ತು. ಹಿಂದೆ ವಿದ್ವಾಂಸರು ಇಂಥದನ್ನು ಚೀಟಿಗಳ ಮೇಲೆ ಬರೆದು, ಪೆಟ್ಟಿಗೆಗಳಲ್ಲಿ ತುಂಬಿ, ವರ್ಷಗಟ್ಟಲೆ ಕುಳಿತು ಮಾಡುತ್ತಿದ್ದರು. ನಾನು ಓದುವುದು ಬಿ.ಎ. ಆದರೂ ಗಣಕಯಂತ್ರದ ಗೀಳನ್ನು ಸ್ವಲ್ಪ ಹೆಚ್ಚಾಗಿಯೇ ಅಂಟಿಸಿಕೊಂಡವನು. “ನಿನ್ನ ಯಂತ್ರ ಇದನ್ನು ಮಾಡುತ್ತದೇನಯ್ಯಾ?” ಎಂದು ಅವರು ಕೇಳಿದಾಗ “ಮಾಡುತ್ತದೆ ಸಾರ್” ಎಂದುಬಿಟ್ಟೆ.

ಮಾಡಿತು; ಆದರೆ ಆಮೆಯ ನಡೆಯಲ್ಲಿ. ಪ್ರಯೋಗಶಾಲೆಯ ಮೂಲೆಯಲ್ಲಿ ಯಾರೂ ಮುಟ್ಟದ ಹಳೆಯ ಯಂತ್ರವೊಂದನ್ನು ನನಗೆ ಬಿಟ್ಟುಕೊಟ್ಟಿದ್ದರು. ಸಂಜೆ ಕೆಲಸ ಹಚ್ಚಿ ಹೋದರೆ ಬೆಳಿಗ್ಗೆಗೆ ಅರ್ಧ ಕಾವ್ಯವೂ ಮುಗಿದಿರುತ್ತಿರಲಿಲ್ಲ. ಎಲ್ಲಿ ಕಾಲ ಹಾಳಾಗುತ್ತಿದೆ? ಯಾವ ಹೆಜ್ಜೆಯಲ್ಲಿ ಯಂತ್ರ ಹೊಸ ಹೊಸ ನೆನಪಿನ ಜಾಗವನ್ನು ಬೇಡುತ್ತಿದೆ? ಇದನ್ನು ತಿಳಿಯಲು ಲಿನಕ್ಸ್ ವ್ಯವಸ್ಥೆಯಲ್ಲಿ ‘ಪರ್ಫ್’ ಎಂಬ ಅಳೆಯುವ ಉಪಕರಣವಿದೆ, 2009ರಲ್ಲಿ ಬಂದದ್ದು. ಅದನ್ನು ಹಚ್ಚಿದೆ. ನನ್ನ ಪ್ರೋಗ್ರಾಮು ಒಂದು ಸಾಲನ್ನೂ ಓದದೆ, ‘ಸೆಗ್ಮೆಂಟೇಷನ್ ಫಾಲ್ಟ್’ ಎಂಬ ಎರಡು ಮಾತು ಹೇಳಿ ಸತ್ತಿತು. ಪರ್ಫ್ ಇಲ್ಲದೆ ಓಡಿಸಿದೆ, ಬದುಕಿತು. ಹಚ್ಚಿದೆ, ಸತ್ತಿತು. ತೂಕ ನೋಡಲೆಂದು ತಕ್ಕಡಿಯಲ್ಲಿಟ್ಟ ಕೂಡಲೆ ಮಗು ಮೂರ್ಛೆ ಹೋದರೆ ತಾಯಿಗೆ ಹೇಗಾಗಬೇಕು, ನನಗೆ ಹಾಗಾಯಿತು.

ಮೂರು ವಾರ ನಾನು ನನ್ನ ಬರವಣಿಗೆಯಲ್ಲೇ ತಪ್ಪು ಹುಡುಕಿದೆ. ಇದ್ದದ್ದನ್ನೆಲ್ಲ ಕಿತ್ತು ಮತ್ತೆ ಬರೆದೆ. ಮೇಷ್ಟ್ರು ದಾರಿಯಲ್ಲಿ ಸಿಕ್ಕಾಗಲೆಲ್ಲ ಗ್ರಂಥಾಲಯದ ಕಡೆಗೆ ತಿರುಗಿಬಿಡುತ್ತಿದ್ದೆ. ಕೊನೆಗೆ ಗಣಕಶಾಸ್ತ್ರದ ಮೇಡಂ ಅವರ ಮುಂದೆ ಹೋಗಿ ನಿಂತೆ. ಅವರು ನನ್ನ ಬರವಣಿಗೆಯನ್ನು ನೋಡಲೇ ಇಲ್ಲ. “ಬೇರೆ ಯಾವುದಾದರೂ ಪ್ರೋಗ್ರಾಮನ್ನು ಇದೇ ರೀತಿ ಅಳೆದು ನೋಡಿದೆಯಾ?” ಎಂದರು. ನೋಡಿರಲಿಲ್ಲ. ಫೈಲುಗಳ ಹೆಸರನ್ನು ಪಟ್ಟಿ ಮಾಡುವ ‘ಎಲ್.ಎಸ್.’ ಎಂಬ ಚಿಕ್ಕ ಆಜ್ಞೆಯಿದೆಯಲ್ಲ, ಪ್ರಪಂಚದಲ್ಲೆಲ್ಲ ದಿನಕ್ಕೆ ಲೆಕ್ಕವಿಲ್ಲದಷ್ಟು ಸಲ ಓಡುವ ಆ ಬಡಪಾಯಿಯನ್ನು ಅಳೆದೆವು. ಅದೂ ಸತ್ತಿತು! “ನೋಡು, ಅನುಮಾನ ಪಡಬೇಕಾದದ್ದು ಬಟ್ಟೆಯ ಮೇಲಲ್ಲ, ಗಜಕಡ್ಡಿಯ ಮೇಲೆ. ಹೋಗಿ ಓದು” ಎಂದರು. ಈ ಲೇಖನ ಆ ‘ಹೋಗಿ ಓದು’ ಎಂಬ ಮಾತಿನ ಫಲ. ಓದುತ್ತಾ ಹೋದಂತೆ, ನನ್ನ ಯಂತ್ರಕ್ಕಾದದ್ದು ಒಂದು ದೊಡ್ಡ ಕಾಯಿಲೆಯ ಚಿಕ್ಕ ತಮ್ಮ ಎಂದು ತಿಳಿಯಿತು. ಅಣ್ಣನಾದರೋ ಒಂದು ಪ್ರೋಗ್ರಾಮನ್ನಲ್ಲ, ಯಂತ್ರದ ಇಡೀ ವ್ಯವಸ್ಥೆಯನ್ನೇ ಕೆಡಹುವಂಥವನು. ಅವನ ವಿಷಯವನ್ನೇ ಮೊದಲು ಹೇಳುತ್ತೇನೆ.

ಯಂತ್ರವನ್ನೂ ಅದರಲ್ಲಿ ಓಡುವ ಎಲ್ಲ ಪ್ರೋಗ್ರಾಮುಗಳನ್ನೂ ಆಳುವ ಒಳಗಿನ ಭಾಗಕ್ಕೆ ಕರ್ನೆಲ್ ಎಂದು ಹೆಸರು, ತಿರುಳು ಎಂದರ್ಥ. ನಮ್ಮ ಪ್ರೋಗ್ರಾಮು ಸತ್ತರೆ ಅದೊಂದೇ ಸಾಯುತ್ತದೆ, ಕರ್ನೆಲ್ ಅದರ ಉತ್ತರಕ್ರಿಯೆ ಮುಗಿಸಿ ಮುಂದೆ ಸಾಗುತ್ತದೆ. ಕರ್ನೆಲ್ಲೇ ಸತ್ತರೆ ಕ್ರಿಯೆ ಮಾಡುವವರು ಯಾರೂ ಉಳಿಯುವುದಿಲ್ಲ. ಉಳಿಸದ ಕೆಲಸವೆಲ್ಲ ಹೋಯಿತು.

ಇನ್ನು, ಅಳೆಯುವುದೆಂದರೆ ಹೇಗೆ? ನಮ್ಮೂರಿನ ಅಡಿಕೆ ಮಂಡಿಯ ಒಬ್ಬ ಗುಮಾಸ್ತರನ್ನು ಕಲ್ಪಿಸಿಕೊಳ್ಳಿ. ಅವರೇ ಪ್ರೊಸೆಸರ್. ದಿನವೆಲ್ಲ ಅವರ ಕಾಲ ಯಾವುದರಲ್ಲಿ ಹೋಗುತ್ತಿದೆಯೆಂದು ಸಾಹುಕಾರರಿಗೆ ತಿಳಿಯಬೇಕು. ಪಕ್ಕದಲ್ಲೇ ಒಬ್ಬನನ್ನು ಕೂರಿಸಿ ಪ್ರತಿಯೊಂದನ್ನೂ ಬರೆಸಿದರೆ ಗುಮಾಸ್ತರ ಕೆಲಸವೇ ನಿಂತೀತು. ಅದಕ್ಕೆ ಬದಲಾಗಿ ಆಗಾಗ ಒಂದು ಗಂಟೆ ಬಾರಿಸುತ್ತಾರೆ. ಗಂಟೆ ಕೇಳಿದ ತಕ್ಷಣ ಗುಮಾಸ್ತರು ಕೈಯಲ್ಲಿದ್ದುದನ್ನು ಬಿಟ್ಟು ಎದ್ದು, ‘ಈಗ ನಾನು ಮಾಡುತ್ತಿದ್ದುದು ಇಂಥದು, ಇದನ್ನು ಹೇಳಿದವರು ಇಂಥವರು, ಅವರಿಗೆ ಹೇಳಿದವರು ಇಂಥವರು’ ಎಂದು ಬೇರೊಂದು ಪುಸ್ತಕದಲ್ಲಿ ಬರೆದು, ಮತ್ತೆ ಬಂದು ಕೂರಬೇಕು. ಸಾವಿರ ಗಂಟೆಗಳಲ್ಲಿ ಆರುನೂರು ಸಲ ಅವರು ಹಳೆಯ ಕಿರ್ದಿ ತಿರುವುತ್ತಿದ್ದರೆ, ದಿನದ ಹೆಚ್ಚು ಭಾಗ ಅಲ್ಲೇ ಹೋಯಿತೆಂದು ಧೈರ್ಯವಾಗಿ ಹೇಳಬಹುದು. ಪರ್ಫ್ ಉಪಕರಣ ಈ ಗಂಟೆಯನ್ನು ಸೆಕೆಂಡಿಗೆ ಸಾವಿರಾರು ಸಲ ಬಾರಿಸುತ್ತದೆ.

ಇಲ್ಲೊಂದು ತೊಡಕು. ಗುಮಾಸ್ತರು ಹಣ ಎಣಿಸುವಾಗ ಬಾಗಿಲು ಹಾಕಿಕೊಳ್ಳುತ್ತಾರೆ. ಯಾರ ಕರೆಯನ್ನೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಕರ್ನೆಲ್ಲಿಗೂ ಇಂಥ ನಾಜೂಕಾದ ಸಮಯಗಳಿವೆ, ಆಗ ಅದು ಸಾಮಾನ್ಯ ಕರೆಗಳನ್ನು ತಡೆದಿಟ್ಟಿರುತ್ತದೆ. ಹೀಗಿರುವಲ್ಲಿ ಸಾಮಾನ್ಯ ಗಂಟೆಯಿಂದ ಅಳೆದರೆ, ಒಳಗೆ ಕಳೆದ ಕಾಲವೆಲ್ಲ ಬಾಗಿಲು ತೆರೆದ ಆ ಒಂದು ಕ್ಷಣದ ಲೆಕ್ಕಕ್ಕೆ ಜಮಾ ಆಗುತ್ತದೆ. ಗುಮಾಸ್ತರು ದಿನವಿಡೀ ಬಾಗಿಲು ತೆರೆಯುವುದನ್ನೇ ಮಾಡುತ್ತಾರೆಂದು ಸಾಹುಕಾರರು ತೀರ್ಮಾನಿಸಿಯಾರು! ಆದುದರಿಂದ ಪರ್ಫ್ ಬಳಸುವುದು ಬಾಗಿಲು ಹಾಕಿದ್ದರೂ ಕೇಳಿಸುವ ದೊಡ್ಡ ಗಂಟೆಯನ್ನು. ತಡೆಹಿಡಿಯಲಾಗದ ಈ ಕರೆಗೆ ಎನ್.ಎಂ.ಐ. ಎಂದು ಹೆಸರು. 1981ರಲ್ಲಿ ಬಂದ ಐ.ಬಿ.ಎಂ. ಪಿ.ಸಿ.ಯಲ್ಲಿ ಇದನ್ನು ಬಳಸುತ್ತಿದ್ದುದು ನೆನಪಿನ ಚಿಪ್ಪುಗಳಲ್ಲಿ ದೋಷ ಕಂಡಾಗ. ಮನೆಗೆ ಬೆಂಕಿ ಬಿದ್ದಾಗ ಬಾರಿಸಲೆಂದು ಕಟ್ಟಿದ ಗಂಟೆಯನ್ನು ಕಾಲ ಅಳೆಯುವವರು ಆಮೇಲೆ ತಮ್ಮ ಕೆಲಸಕ್ಕೆ ಹಚ್ಚಿಕೊಂಡರು.

ದೊಡ್ಡ ಗಂಟೆಗೆ ಎರಡು ಕಟ್ಟಳೆಗಳಿವೆ. ವಾಚಕರು ಇವನ್ನು ಸ್ವಲ್ಪ ಗಮನದಲ್ಲಿಟ್ಟುಕೊಳ್ಳಬೇಕು. ಮುಂದಿನ ಕಥೆಯೆಲ್ಲ ಇವುಗಳ ಮೇಲೆ ನಿಂತಿದೆ.

ಗಂಟೆ ಬಂದಾಗ ಗುಮಾಸ್ತರು ತಾವು ಎಲ್ಲಿದ್ದೆವೆಂಬುದನ್ನು ಗೋಡೆಗೆ ಮೊಳೆ ಹೊಡೆದು ನೇತುಹಾಕಿದ ಒಂದು ಸ್ಲೇಟಿನ ಮೇಲೆ ಬರೆದು ಹೋಗಬೇಕು: ಪುಟ 42, ಸಾಲು 7, ಇಂಥ ಲೇಖನಿ. ಪ್ರೊಸೆಸರ್ ಬರೆಯುವುದು ಐದು ಅಂಶ, ಎಂಟೆಂಟು ಬೈಟಿನವು. ಮೇಜಿನ ಮೇಲಿನ ಕಾಗದದಲ್ಲೇ ಬರೆಯಬಾರದೇಕೆ? ಗಂಟೆ ಯಾವ ಕ್ಷಣದಲ್ಲಾದರೂ ಬರಬಹುದು. ಮೇಜಿನ ಮೇಲಿರುವುದು ಆ ಕ್ಷಣದಲ್ಲಿ ಗಿರಾಕಿಯ ಕಾಗದವೇ ಆಗಿರಬಹುದು, ನಂಬುವಂತಿಲ್ಲ. ಅದಕ್ಕಾಗಿ 64 ಬಿಟ್ಟಿನ ಇಂಟೆಲ್ ಬಗೆಯ ಯಂತ್ರಗಳಲ್ಲಿ ಲಿನಕ್ಸ್ ಈ ಕರೆಗೆ ಪ್ರತ್ಯೇಕ ಸ್ಲೇಟನ್ನು ಗೊತ್ತುಮಾಡಿದೆ. ಪ್ರತಿ ಸಲವೂ ಅದೇ ಸ್ಲೇಟು, ಮೇಲಿನ ಸಾಲಿನಿಂದಲೇ ಆರಂಭ.

ಒಂದೇ ಸ್ಲೇಟಾದ್ದರಿಂದ, ಒಂದು ಗಂಟೆಯ ಕೆಲಸ ಮುಗಿಯುವ ಮುಂಚೆ ಇನ್ನೊಂದು ಬರಕೂಡದು. ಇದು ಎರಡನೆಯ ಕಟ್ಟಳೆ, ಇದನ್ನು ಪ್ರೊಸೆಸರೇ ಪಾಲಿಸುತ್ತದೆ: ದೊಡ್ಡ ಗಂಟೆ ಹೊಡೆದ ಕೂಡಲೆ ಅದರ ಹಗ್ಗವನ್ನು ಮೇಲೆ ಕಟ್ಟಿಬಿಡುತ್ತದೆ. ಗುಮಾಸ್ತರು ‘ಮುಗಿಯಿತು’ ಎಂದಾಗ ಬಿಚ್ಚುತ್ತದೆ. ಪ್ರೊಸೆಸರಿನ ಭಾಷೆಯಲ್ಲಿ ‘ಮುಗಿಯಿತು’ ಎಂಬುದಕ್ಕೆ ‘ಐರೆಟ್’ ಎಂಬ ಆಜ್ಞೆ.

ಎಷ್ಟು ಸರಳ! ಆದರೆ ದೊಡ್ಡ ಗಂಟೆಗೂ ಚಿಕ್ಕಪುಟ್ಟ ಎಲ್ಲ ಕರೆಗಳಿಗೂ ‘ಮುಗಿಯಿತು’ ಎಂಬ ಮಾತು ಒಂದೇ. ಹಗ್ಗ ಕಾಯುವವನಿಗೆ ಕೇಳಿಸುವುದು ಆ ಮಾತಷ್ಟೇ. ಮುಗಿದದ್ದು ಯಾವ ಕೆಲಸವೆಂದು ಅವನು ವಿಚಾರಿಸುವುದಿಲ್ಲ.

ಗುಮಾಸ್ತರು ದೊಡ್ಡ ಗಂಟೆಗೆ ಓಗೊಟ್ಟು ಪುಸ್ತಕದಲ್ಲಿ ಬರೆಯುತ್ತಿದ್ದಾರೆ. ‘ಇದನ್ನು ಹೇಳಿದವರು ಯಾರು’ ಎಂದು ತಿಳಿಯಲು ಒಂದು ಕಾಗದ ನೋಡಬೇಕು. ಕಾಗದ ಮೇಜಿನ ಮೇಲಿಲ್ಲ. ಇದಕ್ಕೆ ಪೇಜ್ ಫಾಲ್ಟ್ ಎನ್ನುತ್ತಾರೆ. ಹೆಸರಿನಲ್ಲಿ ‘ಫಾಲ್ಟ್’ ಇದ್ದರೂ ಇದು ತಪ್ಪೇನಲ್ಲ, ಬೇಕಾದ ಪುಟ ಕೈಗೆ ಸಿಗುವಲ್ಲಿಲ್ಲ ಎಂದಷ್ಟೇ ಅರ್ಥ. ದಿನಕ್ಕೆ ಲಕ್ಷ ಸಲ ಆಗುವ ಮಾತು. ಗಂಟೆಯ ಕೆಲಸದ ನಡುವೆ ಗೋದಾಮಿಗೆ ಹೋಗಿ ಹುಡುಕುವಷ್ಟು ವ್ಯವಧಾನವಿಲ್ಲ, ‘ಇದೆಯೇ?’ ಎಂದು ಕೇಳಿ, ‘ಇಲ್ಲ’ ಎಂದರೆ ಬಿಟ್ಟು ಮುಂದುವರಿಯಬೇಕು. ಆದರೆ ಆ ಒಂದು ವಿಚಾರಣೆಯ ಕೊನೆಗೂ ‘ಮುಗಿಯಿತು’ ಎನ್ನಲೇಬೇಕಲ್ಲ! ಅಂದರು. ಹಗ್ಗ ಕಾಯುವವನು ಬಿಚ್ಚಿದ. ಗಂಟೆ ಮತ್ತೆ ಹೊಡೆಯಿತು.

ಗುಮಾಸ್ತರು ಸ್ಲೇಟಿನ ಮೇಲಿದ್ದ ‘ಪುಟ 42’ನ್ನು ಅಳಿಸಿ ‘ಗಂಟೆಯ ಕೆಲಸದ ನಡುವೆ, ಇಂಥ ಸಾಲಿನಲ್ಲಿ’ ಎಂದು ಬರೆದರು. ಎರಡನೆಯ ಗಂಟೆಯ ಕೆಲಸ ಮುಗಿಸಿದರು, ಸ್ಲೇಟು ನೋಡಿದರು, ಮೊದಲನೆಯ ಗಂಟೆಯ ಕೆಲಸಕ್ಕೆ ಹಿಂದಿರುಗಿದರು. ಇಲ್ಲಿಯವರೆಗೆ ಸರಿ. ಮೊದಲನೆಯದೂ ಮುಗಿಯಿತು. ಎಲ್ಲಿಗೆ ಹೋಗಬೇಕು? ಸ್ಲೇಟು ನೋಡಿದರೆ ‘ಗಂಟೆಯ ಕೆಲಸದ ನಡುವೆ’ ಎಂದೇ ಇದೆ. ಪುಟ 42ರ ಸುಳಿವು ಪ್ರಪಂಚದಲ್ಲಿ ಎಲ್ಲಿಯೂ ಉಳಿದಿಲ್ಲ. ತಾವು ಈಗಷ್ಟೇ ಮುಗಿಸಿದ ಕೆಲಸದ ನಡುವಿಗೇ ಮತ್ತೆ ಹೋಗಿ ನಿಲ್ಲುತ್ತಾರೆ. ಸಾಲದುದಕ್ಕೆ ಸ್ಲೇಟಿನ ಕೆಳಭಾಗದಲ್ಲಿ ಮೊದಲ ಗಂಟೆಯವರು ಬರೆದುಕೊಂಡಿದ್ದ ಲೆಕ್ಕವನ್ನೆಲ್ಲ ಎರಡನೆಯವರು ಅಳಿಸಿ ತಮ್ಮದನ್ನು ಬರೆದಿದ್ದಾರೆ. ಕರ್ನೆಲ್ ಕುಸಿಯುತ್ತದೆ. ಬಿದ್ದ ಮೇಲೆ ಪರೀಕ್ಷಿಸಿದರೂ, ಬೀಳುವ ಮೊದಲು ಎಲ್ಲಿತ್ತೆಂಬ ಗುರುತೇ ಅಳಿಸಿಹೋಗಿರುವುದರಿಂದ ತನಿಖೆಗೆ ಏನೂ ದಕ್ಕುವುದಿಲ್ಲ. ಈ ಭಾಗವನ್ನು ಓದಿದ ರಾತ್ರಿ ನನಗೆ ಸರಿಯಾಗಿ ನಿದ್ರೆ ಬರಲಿಲ್ಲವೆಂದರೆ ಗೆಳೆಯರು ನಕ್ಕಾರು, ಆದರೆ ನಿಜ.

ಬಹುಕಾಲ ಇದಕ್ಕೆ ಮದ್ದೆಂದರೆ ಪಥ್ಯ ಮಾತ್ರ: ಗಂಟೆಯ ಕೆಲಸದಲ್ಲಿರುವಾಗ ಪೇಜ್ ಫಾಲ್ಟ್ ಆಗಬಾರದು, ಡೀಬಗ್ ಮಾಡುವವರು ನಡುವೆ ನೆಡುವ ‘ಬ್ರೇಕ್‌ಪಾಯಿಂಟ್’ ಎಂಬ ಗುರುತೂ ತಗಲಬಾರದು. ಬಳಕೆದಾರನ ಕಾಗದ ನೋಡುವುದಕ್ಕೆ ಪರ್ಫ್ ಒಂದು ಸುತ್ತುಬಳಸಿನ ದಾರಿ ಮಾಡಿಕೊಂಡಿತ್ತು, ಫಾಲ್ಟ್ ಆಗದಂತೆ ಮೊದಲೇ ಪರೀಕ್ಷಿಸಿ ನೋಡುವುದು. ಆದರೆ ಪಥ್ಯ ಎಷ್ಟು ದಿನ ನಡೆದೀತು? ಅಳೆಯುವ, ಪತ್ತೆ ಹಚ್ಚುವ ಉಪಕರಣಗಳು ಬೆಳೆದಂತೆಲ್ಲ ಒಂದಲ್ಲ ಒಂದು ಕಡೆ ಅದು ಮುರಿಯುವುದೇ.

2010ರಲ್ಲಿ ಮ್ಯಾಥ್ಯೂ ಡೆನೋಯೆರ್ ಒಂದು ಉಪಾಯ ಮುಂದಿಟ್ಟರು. ಗಂಟೆಯ ಕೆಲಸದ ನಡುವೆ ಬಂದ ಫಾಲ್ಟ್‌ನಿಂದ ಹಿಂದಿರುಗುವಾಗ ಐರೆಟ್ ಎಂಬ ಮಾತನ್ನೇ ಆಡದೆ, ಬೇರೆ ಆಜ್ಞೆಗಳನ್ನು ಜೋಡಿಸಿ ಅದೇ ಫಲ ಪಡೆಯುವುದು; ಮಾತು ಕೇಳದಿದ್ದರೆ ಹಗ್ಗ ಬಿಚ್ಚುವುದಿಲ್ಲವಲ್ಲ. ಲಿನಕ್ಸ್‌ನ ಮೂಲಪುರುಷರಾದ ಲೀನಸ್ ಟೋರ್ವಾಲ್ಡ್ಸ್ ಅದಕ್ಕೆ ಒಲಿಯಲಿಲ್ಲ. ಪೇಜ್ ಫಾಲ್ಟ್ ಯಂತ್ರದಲ್ಲಿ ಸದಾ ನಡೆಯುವ ಕೆಲಸ, ಎಂದೋ ಒಮ್ಮೆ ಬರುವ ಗಂಟೆಗಾಗಿ ಅದರ ದಾರಿಯನ್ನೇಕೆ ಕೆಡಿಸಬೇಕು? ತೊಂದರೆ ಗಂಟೆಯದು, ಗಂಟೆಯ ಮನೆಯೇ ಅದನ್ನು ಹೊರಲಿ. ಅವರ ವಾದದ ಸಾರ ನನಗೆ ತಿಳಿದಂತೆ ಇದು. ಈ ತೀರ್ಪು ನ್ಯಾಯವೆಂದೇ ನನಗೂ ತೋರುತ್ತದೆ: ಅಳೆಯುವವನ ಅನುಕೂಲಕ್ಕೆ ಅಳೆಸಿಕೊಳ್ಳುವವರು ನಡಿಗೆ ಬದಲಿಸಿಕೊಂಡರೆ ಅಳತೆಗೆ ಅರ್ಥವೇನು?

ಆ ಜಾಡಿನಲ್ಲಿ 2011ರ ಡಿಸೆಂಬರಿನಲ್ಲಿ ತಿದ್ದುಪಡಿ ಬರೆದವರು ಸ್ಟೀವನ್ ರೋಸ್ಟೆಟ್. ಓಡುತ್ತಿರುವ ಕರ್ನೆಲ್ಲಿನ ಜಾಡು ಹಿಡಿಯುವ ‘ಎಫ್‌ಟ್ರೇಸ್’ ಎಂಬ ಉಪಕರಣದ ಕರ್ತೃ ಇವರೇ. ತಿದ್ದುಪಡಿ 2012ರ ಮಾರ್ಚಿಯಲ್ಲಿ ಹೊರಬಂದ 3.3ನೆಯ ಆವೃತ್ತಿಯಲ್ಲಿ ಸೇರಿತು. ಅದರ ಚಂದವಿರುವುದು, ಎರಡನೆಯ ಗಂಟೆಯನ್ನು ತಡೆಯಲು ಅದು ಹೋಗುವುದೇ ಇಲ್ಲ ಎಂಬಲ್ಲಿ. ಬರಲಿ, ಬಂದವನು ಒಂದು ಚೀಟಿ ಬರೆದಿಟ್ಟು ಹೋಗಲಿ!

ಮಂಡಿಯ ಭಾಷೆಯಲ್ಲಿ ಹೇಳುವುದಾದರೆ: ಗಂಟೆ ಬಂದ ಕೂಡಲೆ ಗುಮಾಸ್ತರು ‘ಗಂಟೆಯ ಕೆಲಸ ನಡೆದಿದೆ’ ಎಂಬ ಫಲಕ ನೇತುಹಾಕಿ, ಸ್ಲೇಟಿನಲ್ಲಿರುವುದನ್ನು ಎರಡು ಕಾಗದಗಳಿಗೆ ನಕಲು ಮಾಡುತ್ತಾರೆ. ಒಂದು ಅಸಲು, ಅದನ್ನು ಯಾರೂ ತಿದ್ದುವಂತಿಲ್ಲ. ಇನ್ನೊಂದು ದಾರಿಚೀಟಿ, ಕೆಲಸ ಮುಗಿದ ಮೇಲೆ ಇದನ್ನು ನೋಡಿಯೇ ಹಿಂದಿರುಗುವುದು. ನಡುವೆ ಎರಡನೆಯ ಗಂಟೆ ಬಂತೆನ್ನಿ. ಸ್ಲೇಟು ಅಳಿಸಿ ಹೊಸದಾಗಿ ಬರೆಯಲ್ಪಡುತ್ತದೆ, ಚಿಂತೆಯಿಲ್ಲ. ಹೊಸಬರು ಫಲಕ ನೋಡುತ್ತಾರೆ, ನೇತಾಡುತ್ತಿದೆ. ಆಗ ಅವರು ಗಂಟೆಯ ಕೆಲಸಕ್ಕೆ ಕೈಹಾಕದೆ, ದಾರಿಚೀಟಿಯಲ್ಲಿ ‘ಪುಟ 42’ ಎಂಬುದನ್ನು ಹೊಡೆದು ‘ಗಂಟೆಯ ಕೆಲಸವನ್ನು ಮೊದಲಿಂದ ಇನ್ನೊಮ್ಮೆ’ ಎಂದು ತಿದ್ದಿ, ಸ್ಲೇಟು ನೋಡಿಕೊಂಡು ಬಂದ ಜಾಗಕ್ಕೆ ಹಿಂದಿರುಗುತ್ತಾರೆ. ಮೊದಲಿನವರು ಕೆಲಸ ಮುಗಿಸಿ ದಾರಿಚೀಟಿ ನೋಡಿದರೆ ‘ಇನ್ನೊಮ್ಮೆ’ ಎಂದಿದೆ. ಅಸಲಿನಿಂದ ದಾರಿಚೀಟಿಯನ್ನು ಹೊಸದಾಗಿ ನಕಲು ಮಾಡಿಕೊಂಡು ಇನ್ನೊಮ್ಮೆ ಮಾಡುತ್ತಾರೆ. ಆಮೇಲೆ ಪುಟ 42, ಸಾಲು 7. ಯಾರಿಗೂ ಏನೂ ಆಗಲಿಲ್ಲ.

ನಕಲು ಮಾಡುವ ಹೊತ್ತಿಗೇ ಗಂಟೆ ಬಂದರೆ ಗತಿಯೇನು ಎಂದು ನಮ್ಮ ತರಗತಿಯ ತಾರ್ಕಿಕನೊಬ್ಬ ಕೇಳಿದ. ಮೊದಲ ಸಲ ಬರಲಾರದು, ಇನ್ನೂ ಯಾರೂ ‘ಮುಗಿಯಿತು’ ಎಂದಿಲ್ಲ, ಹಗ್ಗ ಕಟ್ಟಿಯೇ ಇದೆ. ‘ಇನ್ನೊಮ್ಮೆ’ ಎಂಬ ಸುತ್ತಿನಲ್ಲಿ ಬರಬಹುದು. ಆಗ ಹೊಸಬರು ಏನನ್ನೂ ಮುಟ್ಟದೆ ಹೊರಟುಹೋಗಬೇಕು. ಹೇಗೂ ಕೆಲಸ ಮೊದಲಿಂದ ಆರಂಭವಾಗುವುದರಲ್ಲೇ ಇದೆ. ಇದನ್ನೂ ರೋಸ್ಟೆಟ್ ಯೋಚಿಸಿಯೇ ಬರೆದಿದ್ದಾರೆ.

ಅವರಿಗೂ ಪೂರ್ತಿ ಹೊಳೆಯದ ಒಂದು ಸಂದಿಯನ್ನು 2015ರಲ್ಲಿ ಆಂಡಿ ಲುಟೊಮಿರ್‌ಸ್ಕಿ ತೋರಿಸಿದರು. ಫಲಕ ತೆಗೆದ ಮೇಲೆ, ಬಾಗಿಲು ದಾಟುವ ಮುನ್ನ ಒಂದು ಕ್ಷಣವಿದೆ. ಆಗ ಬಂದ ಗಂಟೆಯನ್ನು ಗುರುತಿಸಲು ‘ಕರೆ ಬಂದಾಗ ಗುಮಾಸ್ತರು ಸ್ಲೇಟಿನ ಬಳಿಯೇ ನಿಂತಿದ್ದರೆ?’ ಎಂಬ ಪರೀಕ್ಷೆಯೂ ಇತ್ತು. ಆದರೆ ಕರ್ನೆಲ್ಲಿನೊಳಕ್ಕೆ ಕಾಲಿಡುವ ಮೊದಲ ಗಳಿಗೆಯಲ್ಲಿ, ‘ಎಲ್ಲಿ ನಿಂತಿದ್ದೇನೆ’ ಎಂಬ ಗುರುತು ಹೊರಗಿನ ಪ್ರೋಗ್ರಾಮು ಕೊಟ್ಟದ್ದೇ ಆಗಿರುತ್ತದೆ. ಕಪಟಿಯೊಬ್ಬ ಸ್ಲೇಟಿನ ವಿಳಾಸವನ್ನೇ ಕೊಟ್ಟು ಬಂದರೆ ನಿಜವಾದ ಗಂಟೆಯನ್ನು ‘ಎರಡನೆಯದು’ ಎಂದು ತಿಳಿದು ಕೈಬಿಡುವಂತಾಗುತ್ತಿತ್ತು. ಅದನ್ನು ಮುಚ್ಚಲು ಅವರು ಪ್ರೊಸೆಸರಿನಲ್ಲಿ ಬೇರೆ ಉದ್ದೇಶಕ್ಕಿದ್ದ ಒಂದು ಬಿಟ್ಟನ್ನು ಗುಟ್ಟಿನ ಗುರುತಾಗಿ ಬಳಸಿದರು. ಹೊರಗಿನಿಂದ ಬರುವವರ ಆ ಬಿಟ್ಟನ್ನು ಹೊಸ್ತಿಲಲ್ಲೇ ಅಳಿಸಿ ಒಳಗೆ ಬಿಡುವುದರಿಂದ ಕಪಟ ನಡೆಯುವುದಿಲ್ಲ.

ಇನ್ನು ನನ್ನ ಪಾಡಿನ ಕಾಯಿಲೆ, ಆ ಚಿಕ್ಕ ತಮ್ಮ. ಪೇಜ್ ಫಾಲ್ಟ್ ಆದಾಗ ಬೇಕಾದ ಪುಟದ ವಿಳಾಸವನ್ನು ಪ್ರೊಸೆಸರ್ ‘ಸಿ.ಆರ್.2’ ಎಂಬ ಒಂದೇ ಒಂದು ಮೊಳೆಗೆ ಚುಚ್ಚುತ್ತದೆ. ಇನ್ನೊಂದು ಫಾಲ್ಟ್ ಬಂದರೆ ಹಳೆಯ ಚೀಟಿ ಹೋಗಿ ಹೊಸದು ಕೂರುತ್ತದೆ. ಗಂಟೆಯ ಕೆಲಸದಲ್ಲೂ ಫಾಲ್ಟ್ ಆಗಬಹುದೆಂದು ಒಪ್ಪಿದ ಮೇಲೆ, ಒಳಗೆ ಬರುವಾಗ ಮೊಳೆಯ ಚೀಟಿಯನ್ನು ಎತ್ತಿಟ್ಟು ಹೋಗುವಾಗ ಮತ್ತೆ ಚುಚ್ಚುವ ಏರ್ಪಾಟನ್ನು 2012ರಲ್ಲೇ ಮಾಡಿದರು. ಎರಡು ತೊಂದರೆಗಳೂ ನೀಗಿದುವೆಂದು 2013ರಲ್ಲಿ ಪರ್ಫ್‌ನ ಆ ಸುತ್ತುಬಳಸಿನ ದಾರಿಯನ್ನು ತೆಗೆದುಹಾಕಿ, ಬಳಕೆದಾರನ ಕಾಗದವನ್ನು ನೇರವಾಗಿ ನೋಡತೊಡಗಿದರು. ಪಥ್ಯ ಬಿಟ್ಟರು.

ಆದರೆ ಪರ್ಫ್ ಗಂಟೆ ಬಾರಿಸಿ ಮಾತ್ರವಲ್ಲ, ‘ಪೇಜ್ ಫಾಲ್ಟ್ ಆದಾಗಲೆಲ್ಲ ನನಗೆ ತಿಳಿಸು’ ಎಂದು ಹೇಳಿಟ್ಟೂ ಅಳೆಯಬಲ್ಲದು. ನಾನು ಕೇಳಿದ್ದು ಅದನ್ನೇ. ಜೊತೆಗೆ ಯಾರು ಯಾರನ್ನು ಕರೆದರೆಂಬ ಸರಪಳಿಯನ್ನೂ ಕೇಳಿದ್ದೆ. ನನ್ನ ಯಂತ್ರದಲ್ಲಿದ್ದುದು 3.13ನೆಯ ಆವೃತ್ತಿ. ಅದರಲ್ಲಿ ಫಾಲ್ಟ್ ಬಂದಾಗ ಗುಮಾಸ್ತರು ಮೊಳೆಯ ಚೀಟಿ ಓದುವ ಮುಂಚೆಯೇ ಅಳೆಯುವವನು ‘ತಾಳಿ, ನನ್ನ ಲೆಕ್ಕ ಬರೆದುಕೊಳ್ಳುತ್ತೇನೆ’ ಎಂದು ನಡುವೆ ಬರುತ್ತಿದ್ದ. ಸರಪಳಿ ಹುಡುಕಲು ಎಲ್ಲೋ ಇಣುಕುತ್ತಿದ್ದ. ಆ ಇಣುಕುನೋಟದಿಂದಲೇ ಇನ್ನೊಂದು ಫಾಲ್ಟ್! ಮೊಳೆಯ ಮೇಲೆ ಈಗ ಅವನ ಚೀಟಿ. ಗುಮಾಸ್ತರು ಓದಿದಾಗ ಅದು ನನ್ನ ಪ್ರೋಗ್ರಾಮಿಗೆ ಸೇರದ ಯಾವುದೋ ವಿಳಾಸ. ‘ನಿನ್ನದಲ್ಲದ ಜಾಗಕ್ಕೆ ಕೈಹಾಕಿದೆ’ ಎಂದು ಏನೂ ಅರಿಯದ ನನ್ನ ಪ್ರೋಗ್ರಾಮನ್ನು ಕೊಂದರು. ಕೈಹಾಕಿದವನು ಅಳೆಯುವವನು.

2014ರಲ್ಲಿ ಯಿರ್ಜಿ ಓಲ್ಸಾ ಅವರು ಇದನ್ನು ತಿದ್ದಿದರು. ತಿದ್ದುಪಡಿ ಬಹಳ ಪುಟ್ಟದು: ಮೊದಲು ಚೀಟಿ ಓದಿಕೊ, ಆಮೇಲೆ ಅಳೆಯುವವನಿಗೆ ಬಾಯಿಬಿಡು. ಅದರ ಟಿಪ್ಪಣಿಯಲ್ಲಿ ರೋಗ ತೋರಿಸಲು ಅವರು ಅಳೆದದ್ದೂ ಎಲ್.ಎಸ್. ಅನ್ನೇ! ಅದನ್ನು ಕಂಡಾಗ ಮೇಡಂ ಅವರ ಮುಖದಲ್ಲಿ ಮೂಡಿದ ನಗೆಯನ್ನು ಇಲ್ಲಿ ವರ್ಣಿಸಲಾರೆ. 2019ರಲ್ಲಿ ಇದೇ ತೊಂದರೆ ಇನ್ನೊಂದು ಬಾಗಿಲಿನಿಂದ ನುಗ್ಗಿದ್ದರಿಂದ, ಚೀಟಿ ಓದುವ ಕೆಲಸವನ್ನು ಹೊಸ್ತಿಲಿಗೇ ತಂದಿಟ್ಟರು. ‘ಮುಗಿಯಿತು’ ಎಂಬ ಮಾತಿನ ಗೊಂದಲಕ್ಕಂತೂ ಇಂಟೆಲ್ ಸಂಸ್ಥೆಯವರು ಪ್ರೊಸೆಸರಿನಲ್ಲೇ ಮದ್ದು ಹುಡುಕಿದ್ದಾರೆ. ‘ಫ್ರೆಡ್’ ಎಂಬ ಆ ಹೊಸ ಕ್ರಮದಲ್ಲಿ ಹಿಂದಿರುಗುವ ಆಜ್ಞೆ ತಾನಾಗಿ ಹಗ್ಗ ಬಿಚ್ಚುವುದಿಲ್ಲ. ಬಿಚ್ಚಬೇಕೆಂಬ ಗುರುತು ದಾರಿಚೀಟಿಯಲ್ಲಿದ್ದರೆ ಮಾತ್ರ ಬಿಚ್ಚುತ್ತದೆ. ಲಿನಕ್ಸ್ ಅದನ್ನು 2024ರ 6.9ನೆಯ ಆವೃತ್ತಿಯಲ್ಲಿ ಸೇರಿಸಿಕೊಂಡಿತು.

ಪ್ರಯೋಗಶಾಲೆಯವರ ಅಪ್ಪಣೆ ಪಡೆದು ಮೂಲೆಯ ಯಂತ್ರಕ್ಕೆ ಹೊಸ ಆವೃತ್ತಿ ಹಾಕಿದೆವು. ಪರ್ಫ್ ಹಚ್ಚಿದೆ. ನನ್ನ ಪ್ರೋಗ್ರಾಮು ಉಸಿರಾಡಿತು! ಬಂದ ಲೆಕ್ಕ ನೋಡಿ ನನಗೇ ನಾಚಿಕೆಯಾಯಿತು. ಪದಗಳನ್ನು ಅಕಾರಾದಿಯಾಗಿ ಜೋಡಿಸಲು ಎರಡೆರಡನ್ನು ಹೋಲಿಸುವಾಗ, ಪ್ರತಿ ಹೋಲಿಕೆಗೂ ಎರಡು ಪದಗಳನ್ನೂ ಅಕ್ಷರ ಅಕ್ಷರವಾಗಿ ಬಿಡಿಸಿ ಮತ್ತೆ ಕಟ್ಟುತ್ತಿದ್ದೆ. ಒಂದೇ ಪದವನ್ನು ಸಾವಿರ ಸಲ ಬಿಡಿಸಿದ್ದೂ ಉಂಟು. ಒಮ್ಮೆ ಬಿಡಿಸಿ ಇಟ್ಟುಕೊಳ್ಳುವಂತೆ ಆರು ಸಾಲು ತಿದ್ದಿದೆ. ಇಡೀ ರಾತ್ರಿಯ ಕೆಲಸ ಈಗ ಕ್ಯಾಂಟೀನಿಗೆ ಹೋಗಿ ಕಾಫಿ ಕುಡಿದು ಬರುವಷ್ಟರಲ್ಲಿ ಮುಗಿಯುತ್ತದೆ.

ಅಚ್ಚು ಹಾಕಿಸಿದ ಪಟ್ಟಿಯನ್ನು ಮೇಷ್ಟ್ರ ಮೇಜಿನ ಮೇಲಿಟ್ಟೆ. ಕನ್ನಡಕ ಏರಿಸಿಕೊಂಡು ನಾಲ್ಕು ಪುಟ ತಿರುವಿದರು. ಐದನೆಯದರಲ್ಲಿ ಬೆರಳಿಟ್ಟು ನಿಂತರು. “ೞಕಾರವಿರುವ ಪದಗಳನ್ನೆಲ್ಲ ತೆಗೆದುಕೊಂಡು ಹೋಗಿ ಕೊನೆಗೆ ಯಾಕೆ ಸೇರಿಸಿದ್ದೀಯೋ?” ಎಂದರು. ಯಂತ್ರದ ಅಕ್ಷರಕೋಷ್ಟಕದಲ್ಲಿ ೞಕಾರ ಉಳಿದ ವ್ಯಂಜನಗಳಿಂದ ಬೇರೆಯಾಗಿ ಎಲ್ಲೋ ದೂರದಲ್ಲಿ ಕುಳಿತಿದೆ. ನಾನು ಅದನ್ನು ಗಮನಿಸಿರಲಿಲ್ಲ. ಪಟ್ಟಿಯನ್ನು ಹಿಂದಕ್ಕೆ ತೆಗೆದುಕೊಂಡು ಪ್ರಯೋಗಶಾಲೆಯ ಕಡೆಗೆ ಹೊರಟೆ.